ಬೋರ್ಡು ಬದಲಾಯಿತು, ವೇಳಾಪಟ್ಟಿ ಬದಲಾಗಲಿಲ್ಲ

1948ರ ಜುಲೈ 5ರಂದು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಬಡವರ ಕಾಯಿದೆ ರದ್ದಾಯಿತು. 1601ರಿಂದ ಒಂದಲ್ಲ ಒಂದು ರೂಪದಲ್ಲಿ ನಡೆದುಬಂದಿದ್ದ ವ್ಯವಸ್ಥೆ ಅದು. ಅದರ ಅತ್ಯಂತ ಕುಖ್ಯಾತ ಅಂಗ ವರ್ಕ್‌ಹೌಸ್. ದಿಕ್ಕಿಲ್ಲದ ಬಡವರನ್ನು ಒಂದೇ ಗೋಡೆಯೊಳಗೆ ಕೂಡಿಹಾಕಿ, ಹೊಟ್ಟೆಗಿಷ್ಟು ಹಾಕಿ, ಶಿಸ್ತಿನಲ್ಲಿಡುತ್ತಿದ್ದ ಕಟ್ಟಡ. ಆ ಹೆಸರು 1930ರಲ್ಲೇ ಕಡತಗಳಿಂದ ಹೋಗಿ ‘ಸಾರ್ವಜನಿಕ ನೆರವಿನ ಸಂಸ್ಥೆ’ ಎಂದಾಗಿತ್ತು. 1948ರಲ್ಲಿ ಹಲವೆಡೆ ಬೋರ್ಡು ಇನ್ನೊಮ್ಮೆ ಬದಲಾಗಿ ವೃದ್ಧರ ಮನೆಯಾಯಿತು. ಬೋರ್ಡಿನ ಹಿಂದಿದ್ದ ಕಟ್ಟಡ, ಉದ್ದುದ್ದ ವಾರ್ಡುಗಳು, ಏಳುವ, ಉಣ್ಣುವ, ಮಲಗುವ ಹೊತ್ತುಗಳು ಮಾತ್ರ ಬಹುಮಟ್ಟಿಗೆ ಹಳೆಯವೇ. ಮರೆವಿನ ಕಾಯಿಲೆಯವರನ್ನು ವರ್ಷಗಟ್ಟಲೆ ಇಟ್ಟುಕೊಂಡು ನೋಡಿಕೊಳ್ಳುವ ಇಂದಿನ ಕೇರ್ ಹೋಮ್‌ಗೆ ಆಸ್ಪತ್ರೆಯೋ ಮನೆಯೋ ಮೂಲವೆಂದು ನಾವು ಭಾವಿಸುತ್ತೇವೆ. ಅದರ ವಂಶಾವಳಿ ಹಿಡಿದು ಹೋದರೆ ಕಾಲು ಬಂದು ನಿಲ್ಲುವುದು ಈ ವರ್ಕ್‌ಹೌಸಿನ ಹೊಸ್ತಿಲಲ್ಲಿ.

ಡಿಮೆನ್ಶಿಯಾ ಇರುವವರನ್ನು ರೋಗಿ ಎನ್ನುವ ಮೊದಲು ವ್ಯಕ್ತಿ ಎಂದು ಕಾಣಬೇಕು, ಆರೈಕೆ ಅವರ ಬದುಕಿನ ಸುತ್ತ ಹೆಣೆದುಕೊಳ್ಳಬೇಕು ಎಂಬ ವಿಚಾರ ಈಗ ಜಗತ್ತಿನ ಅನೇಕ ಆರೈಕೆ ನೀತಿಗಳಲ್ಲಿ ಕಾಣಸಿಗುತ್ತದೆ. ವ್ಯಕ್ತಿಕೇಂದ್ರಿತ ಆರೈಕೆ ಎಂದು ಅದನ್ನು ಕರೆಯುತ್ತಾರೆ. ಅದರ ಚರಿತ್ರೆಯನ್ನು ಸಾಮಾನ್ಯವಾಗಿ ಮನಃಪರಿವರ್ತನೆಯ ಕಥೆಯಾಗಿ ಹೇಳುವುದು ರೂಢಿ: ಹಿಂದೆ ಕಲ್ಲೆದೆಯವರಿದ್ದರು, ಆಮೇಲೆ ಕರುಣೆಯುಳ್ಳವರು ಬಂದರು. ದಾಖಲೆಗಳು ಅಷ್ಟು ಸಲೀಸಾದ ಕಥೆ ಹೇಳುವುದಿಲ್ಲ. ಪ್ರತಿ ತಲೆಮಾರಿನಲ್ಲೂ ಕರುಣೆಯುಳ್ಳವರು ಇದ್ದರು, ಪ್ರತಿ ತಲೆಮಾರಿನಲ್ಲೂ ಅವರ ಕರುಣೆ ಕಟ್ಟಡದ ವೇಳಾಪಟ್ಟಿಗೆ ಸೋತಿತು. ವ್ಯಕ್ತಿಕೇಂದ್ರಿತ ಆರೈಕೆ ಗೆದ್ದ ಕಡೆಯಲ್ಲೆಲ್ಲ ಸಿಬ್ಬಂದಿಯ ಸಮಯ, ಮನೆಯ ಗಾತ್ರ, ದಿನದ ಕ್ರಮ ಇವು ಬದಲಾಗಿದ್ದವು. ಬರೀ ಮಾತು ಬದಲಾದ ಕಡೆ ಅದು ಘೋಷಣೆಯಾಗಿ ಉಳಿಯಿತು. ಬ್ರಿಟನ್ನಿನ ಉದಾಹರಣೆಯನ್ನು ಇಟ್ಟುಕೊಂಡು ಈ ಮಾತನ್ನು ಸಾಧಿಸುವುದು ಇಲ್ಲಿನ ಉದ್ದೇಶ. ಈ ವಿಚಾರ ಬೆಳೆದದ್ದು, ಅದನ್ನು ಪರೀಕ್ಷೆಗೆ ಒಡ್ಡಿದ್ದು, ಅದು ಎಡವಿದ್ದು ಎಲ್ಲವೂ ಅಲ್ಲಿ ದಾಖಲಾಗಿವೆ.

1834ರ ತಿದ್ದುಪಡಿಯ ನಂತರದ ವರ್ಕ್‌ಹೌಸಿಗೆ ಒಂದು ಸ್ಪಷ್ಟ ಸಿದ್ಧಾಂತವಿತ್ತು. ಒಳಗಿನ ಬದುಕು ಹೊರಗಿನ ಅತಿ ಬಡ ಕೂಲಿಯ ಬದುಕಿಗಿಂತ ಕಡೆಯಾಗಿರಬೇಕು. ಇಲ್ಲದಿದ್ದರೆ ಸೋಮಾರಿಗಳು ಬಂದು ತುಂಬಿಕೊಳ್ಳುತ್ತಾರೆ. ಆದ್ದರಿಂದ ಸಮವಸ್ತ್ರ, ಅಳತೆಯ ಊಟ, ಗಂಡಸರು ಹೆಂಗಸರಿಗೆ ಬೇರೆ ಬೇರೆ ವಿಭಾಗ. ಅರವತ್ತು ದಾಟಿದ ದಂಪತಿಗಳು ಒಟ್ಟಿಗೆ ಇರಲು ಕೋಣೆ ಕೇಳಬಹುದು ಎಂಬ ಅವಕಾಶ ಕಾನೂನಿನಲ್ಲಿ ಬಂದದ್ದೇ 1847ರಲ್ಲಿ. ಸೋಮಾರಿಗಳನ್ನು ಹೆದರಿಸಲು ಕಟ್ಟಿದ ಈ ಮನೆಯೊಳಗೆ ಕಾಲಕ್ರಮೇಣ ಉಳಿದವರು ಮುದುಕರು, ಕಾಯಿಲೆಯವರು, ಬುದ್ಧಿ ಸ್ಥಿಮಿತದಲ್ಲಿಲ್ಲದವರು. ಇವರಲ್ಲಿ ಅರಳುಮರಳಿನವರನ್ನು ಎಲ್ಲಿಡಬೇಕೆಂಬುದನ್ನು ನಿರ್ಧರಿಸುತ್ತಿದ್ದದ್ದು ಅವರ ಅಗತ್ಯಕ್ಕಿಂತ ಹೆಚ್ಚಾಗಿ ಲೆಕ್ಕಪತ್ರ. 1874ರಲ್ಲಿ ಸರ್ಕಾರ ಹುಚ್ಚಾಸ್ಪತ್ರೆಗೆ ಕಳಿಸಿದ ಪ್ರತಿ ಬಡರೋಗಿಗೆ ವಾರಕ್ಕೆ 4 ಶಿಲಿಂಗ್ ಅನುದಾನ ಕೊಡತೊಡಗಿದ ಮೇಲೆ, ವರ್ಕ್‌ಹೌಸುಗಳಿಗೆ ಅವರನ್ನು ಅಲ್ಲಿಗೆ ಸಾಗಹಾಕುವುದೇ ಲಾಭವಾಯಿತು. ವಾಸಿಯಾಗುವ ಭರವಸೆಯಿಲ್ಲದ ಮುದುಕರಿಂದ ವಾರ್ಡು ತುಂಬಿತೆಂದು ಹುಚ್ಚಾಸ್ಪತ್ರೆಯ ವೈದ್ಯರು ಗೊಣಗುತ್ತಲೇ ಇದ್ದರು. ಎರಡೂ ಕಡೆಗೆ ಬೇಡವಾದವರು, ಎರಡೂ ಕಡೆಯಲ್ಲಿ ಇದ್ದವರು ಇವರು.

ವೈದ್ಯಶಾಸ್ತ್ರ ಈ ಮುದುಕರ ಕಡೆ ಕಣ್ಣು ತಿರುಗಿಸಿದ್ದು ಇಂಥದ್ದೇ ಒಂದು ಕಟ್ಟಡದಲ್ಲಿ, ಆದರೆ ಜರ್ಮನಿಯಲ್ಲಿ. 1901ರ ನವೆಂಬರ್ 25ರಂದು ಫ್ರಾಂಕ್‌ಫರ್ಟಿನ ಮಾನಸಿಕ ಆಸ್ಪತ್ರೆಗೆ 51 ವರ್ಷದ ಆಗಸ್ಟೆ ಡೀಟರ್ ದಾಖಲಾದಳು. ವೈದ್ಯ ಅಲೋಯಿಸ್ ಆಲ್ಜೈಮರ್ ಅವಳನ್ನು ಮಾತನಾಡಿಸಿ ಬರೆದಿಟ್ಟ ಟಿಪ್ಪಣಿಗಳ ಕಡತ 1995ರಲ್ಲಿ ಮತ್ತೆ ಸಿಕ್ಕಿತು. ಹೆಸರೇನೆಂದು ಕೇಳಿದರೆ ಆಗಸ್ಟೆ ಎನ್ನುತ್ತಾಳೆ. ಮನೆತನದ ಹೆಸರು ಕೇಳಿದರೂ ಆಗಸ್ಟೆ, ಗಂಡನ ಹೆಸರು ಕೇಳಿದರೂ ಅದೇ. ಮಧ್ಯಾಹ್ನ ಹೂಕೋಸು ಮತ್ತು ಹಂದಿಮಾಂಸ ತಿನ್ನುತ್ತಿದ್ದಾಗ ಏನು ತಿನ್ನುತ್ತಿದ್ದೀರೆಂದು ಕೇಳಿದರೆ ಪಾಲಕ್ ಎನ್ನುತ್ತಾಳೆ. 1906ರ ಏಪ್ರಿಲ್‌ನಲ್ಲಿ ಅವಳು ತೀರಿಕೊಂಡಳು. ಆಕೆಯ ಮಿದುಳಿನಲ್ಲಿ ಕಂಡ ಗಂಟುಗಳನ್ನೂ ಪ್ಲಾಕ್‌ಗಳನ್ನೂ ಆಲ್ಜೈಮರ್ ಅದೇ ನವೆಂಬರ್‌ನಲ್ಲಿ ಟ್ಯೂಬಿಂಗನ್‌ನ ಸಭೆಯಲ್ಲಿ ವಿವರಿಸಿದ. 1910ರಲ್ಲಿ ಎಮಿಲ್ ಕ್ರೆಪೆಲಿನ್ ತನ್ನ ಪಠ್ಯಪುಸ್ತಕದಲ್ಲಿ ಆ ರೋಗಕ್ಕೆ ಆಲ್ಜೈಮರ್‌ನ ಹೆಸರಿಟ್ಟ. ಆಗಸ್ಟೆಯ ಪ್ರಾಣ ತೆಗೆದದ್ದು ಮಲಗಿದಲ್ಲೇ ಆದ ಹುಣ್ಣುಗಳಿಂದ ರಕ್ತಕ್ಕೆ ಹಬ್ಬಿದ ನಂಜು ಎಂಬುದೂ ದಾಖಲೆಯಲ್ಲಿದೆ. ಪ್ಲಾಕ್‌ಗಳು ಜಗತ್ಪ್ರಸಿದ್ಧವಾದವು. ಬೆನ್ನಿನ ಹುಣ್ಣು ಯಾವ ಪಠ್ಯಪುಸ್ತಕದ ಅಧ್ಯಾಯವೂ ಆಗಲಿಲ್ಲ. ಮುಂದಿನ ನೂರು ವರ್ಷ ಈ ಕಾಯಿಲೆಯ ಬಗ್ಗೆ ನಡೆದ ಬಹುಪಾಲು ಚರ್ಚೆಯಲ್ಲಿ ಈ ಏರುಪೇರು ಹಾಗೆಯೇ ಮುಂದುವರಿಯಿತು.

ಹಾಗೆಂದು ಮಿದುಳಿನ ಸಂಶೋಧನೆಯನ್ನು ಹಳಿಯುವುದು ನ್ಯಾಯವಲ್ಲ. 1930ರ ದಶಕದಲ್ಲಿ ಮ್ಯಾಸಚೂಸೆಟ್ಸ್‌ನ ಡೇವಿಡ್ ರಾತ್‌ಶೀಲ್ಡ್, ಮಿದುಳಿನ ಹಾನಿಗೂ ಬುದ್ಧಿ ಮಂಕಾಗುವ ಪ್ರಮಾಣಕ್ಕೂ ತಾಳೆಯಾಗುವುದಿಲ್ಲ, ಒಂಟಿತನ, ವಿಯೋಗ, ಕೆಲಸವಿಲ್ಲದಿರುವಿಕೆಯ ಪಾತ್ರವೂ ಇದೆ ಎಂದು ವಾದಿಸಿದ್ದರು. 1968ರಲ್ಲಿ ನ್ಯೂಕಾಸಲ್‌ನ ಬ್ಲೆಸೆಡ್, ಟಾಮ್ಲಿನ್ಸನ್ ಮತ್ತು ರಾತ್ ಪ್ಲಾಕ್‌ಗಳ ಸಂಖ್ಯೆಗೂ ಕಾಯಿಲೆಯ ತೀವ್ರತೆಗೂ ಸಂಬಂಧವಿದೆಯೆಂದು ತೋರಿಸಿದ ಮೇಲೆ ಆ ವಾದ ಹಿಂದೆ ಸರಿಯಿತು. 1976ರಲ್ಲಿ ಅಮೆರಿಕದ ರಾಬರ್ಟ್ ಕಾಟ್ಜ್‌ಮನ್ ಇದು ಮುಪ್ಪಿನ ಸಹಜ ಸ್ಥಿತಿಯಲ್ಲ, ದೊಡ್ಡ ಪ್ರಮಾಣದಲ್ಲಿ ಕೊಲ್ಲುವ ರೋಗ ಎಂದು ಬರೆದರು. ಅದರಿಂದ ಹಣ ಬಂತು, ಸಂಘಗಳು ಹುಟ್ಟಿದವು, ಅರವತ್ತಕ್ಕೆ ಅರಳುಮರಳು ಎಂದು ಕೈಚೆಲ್ಲುತ್ತಿದ್ದ ಮನೆಯವರಿಗೆ ಒಂದು ರೋಗದ ಹೆಸರೂ ಅದರೊಂದಿಗೆ ಮರ್ಯಾದೆಯೂ ಸಿಕ್ಕವು. ಕೇರ್ ಹೋಮ್‌ನ ಒಳಗೆ ಮಾತ್ರ ಇದೇ ಗೆಲುವು ಇನ್ನೊಂದು ಅರ್ಥ ಪಡೆಯಿತು. ಎಲ್ಲವೂ ಮಿದುಳಿನಲ್ಲೇ ನಡೆಯುತ್ತಿದ್ದರೆ, ಕಿರುಚಾಟವೂ ಅಲೆದಾಟವೂ ಊಟ ಬೇಡವೆನ್ನುವುದೂ ರೋಗದ ಲಕ್ಷಣಗಳೇ ಆದರೆ, ಮನೆ ನಡೆಸುವವರು ತಮ್ಮ ಕಡೆ ನೋಡಿಕೊಳ್ಳಬೇಕಾದ ಅಗತ್ಯವೇ ಇಲ್ಲ. ಔಷಧಿ ಬರುವವರೆಗೆ ಕಾಯುವುದು, ಅಲ್ಲಿಯವರೆಗೆ ದೇಹವನ್ನು ಶುಚಿಯಾಗಿಡುವುದು. ಅಷ್ಟೇ ಕೆಲಸ.

ಅಷ್ಟರಲ್ಲಿ ಬ್ರಿಟನ್ನಿನ ಹಳೆಯ ಕಟ್ಟಡಗಳ ಸ್ಥಿತಿ ಬಯಲಾಗತೊಡಗಿತ್ತು. 1948ರಲ್ಲಿ ಆರೋಗ್ಯ ಮಂತ್ರಿ ಅನ್ಯೂರಿನ್ ಬೆವನ್ ಕೊಟ್ಟ ಭರವಸೆ ದೊಡ್ಡದು. ವರ್ಕ್‌ಹೌಸಿನ ಬದಲು 25–30 ಮಂದಿ ಇರುವ ಚಿಕ್ಕ ಮನೆಗಳು, ಅಲ್ಲಿ ಹೋಟೆಲಿನ ಮಾಲೀಕನಿಗೂ ಅತಿಥಿಗೂ ಇರುವಂಥ ಸಂಬಂಧ. ವಾರಕ್ಕೆ 26 ಶಿಲಿಂಗ್ ಪಿಂಚಣಿಯಲ್ಲಿ 21 ಮನೆಗೆ, ಉಳಿದ 5 ಕೈಖರ್ಚಿಗೆ. ಹಣ ಕೊಟ್ಟು ಇರುವವನು ಯಾರ ಹಂಗಿನಲ್ಲೂ ಇಲ್ಲ ಎಂಬುದು ಇದರ ಹಿಂದಿನ ತರ್ಕ. ಹತ್ತು ವರ್ಷದ ನಂತರ ಸಮಾಜಶಾಸ್ತ್ರಜ್ಞ ಪೀಟರ್ ಟೌನ್ಸೆಂಡ್ 173 ಮನೆಗಳನ್ನು ನೋಡಿಕೊಂಡು ಬಂದಾಗ, ಸ್ಥಳೀಯ ಸರ್ಕಾರಗಳ ಆಶ್ರಯದಲ್ಲಿದ್ದ ವೃದ್ಧರಲ್ಲಿ ಸರಿಸುಮಾರು ಅರ್ಧದಷ್ಟು ಮಂದಿ ಇನ್ನೂ ಹಳೆಯ ವರ್ಕ್‌ಹೌಸ್ ಕಟ್ಟಡಗಳಲ್ಲೇ ಇದ್ದರು. ಒತ್ತೊತ್ತಾದ ಮಂಚಗಳು, ಸ್ವಂತದ ವಸ್ತು ಇಡಲು ಜಾಗವಿಲ್ಲದ ವಾರ್ಡುಗಳು, ಎಲ್ಲರಿಗೂ ಸೇರಿದ ಬಟ್ಟೆ, ಗೋಡೆಗೆ ಬೆನ್ನು ಹಚ್ಚಿ ಸಾಲಾಗಿ ಕುಳಿತ ಮುದುಕರು. 1962ರಲ್ಲಿ ಬಂದ ‘ದಿ ಲಾಸ್ಟ್ ರೆಫ್ಯೂಜ್’ ಗ್ರಂಥದಲ್ಲಿ ಟೌನ್ಸೆಂಡ್ ಸಿಬ್ಬಂದಿಯನ್ನು ರಾಕ್ಷಸರೆಂದು ಚಿತ್ರಿಸಲಿಲ್ಲ. ಒಳ್ಳೆಯವರೂ ಇಂಥ ಕಟ್ಟಡದಲ್ಲಿ ಇದನ್ನೇ ಮಾಡುತ್ತಾರೆ, ಆದ್ದರಿಂದ ಈ ಬಗೆಯ ದೀರ್ಘವಾಸದ ಸಂಸ್ಥೆಗಳನ್ನೇ ಕೈಬಿಡಬೇಕು ಎಂಬುದು ಅವರ ತೀರ್ಮಾನವಾಗಿತ್ತು.

ಅದೇ ಹೊತ್ತಿಗೆ ಬೇರೆ ದಿಕ್ಕುಗಳಿಂದಲೂ ಇದೇ ಮಾತು ಕೇಳಿಬರುತ್ತಿತ್ತು. 1959ರಲ್ಲಿ ಮನೋವೈದ್ಯ ರಸೆಲ್ ಬಾರ್ಟನ್, ರೋಗಿಗಳ ಜಡತ್ವ ಎಷ್ಟೋ ಸಲ ರೋಗದ್ದಲ್ಲ, ಆಸ್ಪತ್ರೆಯಲ್ಲಿ ಇಟ್ಟುಕೊಂಡದ್ದರ ಫಲ ಎಂದು ಬರೆದರು. 1961ರಲ್ಲಿ ಅರ್ವಿಂಗ್ ಗಾಫ್ಮನ್ ವಾಷಿಂಗ್ಟನ್ನಿನ ಒಂದು ದೊಡ್ಡ ಮಾನಸಿಕ ಆಸ್ಪತ್ರೆಯನ್ನು ಒಳಗಿನಿಂದ ನೋಡಿ, ಏಳುವುದು, ಉಣ್ಣುವುದು, ಮಲಗುವುದು ಎಲ್ಲವೂ ಒಂದೇ ಅಧಿಕಾರದ ಕೆಳಗೆ, ಒಂದೇ ಗುಂಪಿನಲ್ಲಿ ನಡೆಯುವ ಸಂಸ್ಥೆಗಳು ಮನುಷ್ಯನ ಗುರುತನ್ನು ಹೇಗೆ ಕಳಚುತ್ತವೆ ಎಂದು ವಿವರಿಸಿದರು. 1967ರಲ್ಲಿ ಬಾರ್ಬರಾ ರಾಬ್ ಪ್ರಕಟಿಸಿದ ‘ಸಾನ್ಸ್ ಎವೆರಿಥಿಂಗ್’ ವೃದ್ಧರ ವಾರ್ಡುಗಳಲ್ಲಿ ಕನ್ನಡಕ, ಕಟ್ಟುಹಲ್ಲು, ಕಿವಿಯಂತ್ರಗಳನ್ನು ಕಸಿದುಕೊಳ್ಳುತ್ತಿದ್ದದ್ದನ್ನು ಬೆಳಕಿಗೆ ತಂದಿತು. ಕಳೆದುಹೋಗುತ್ತವೆ, ಅದಲುಬದಲಾಗುತ್ತವೆ ಎಂಬುದು ಇಂಥ ಕಡೆ ಸಿಗುವ ಸಿದ್ಧ ಸಮರ್ಥನೆ. ಕಣ್ಣು ಕಾಣದ, ಕಿವಿ ಕೇಳದ, ಅಗಿಯಲಾಗದ ಮುದುಕಿ ಮಾತಿಗೆ ಸರಿಯಾಗಿ ಉತ್ತರಿಸದಿದ್ದಾಗ ಅದನ್ನು ಬುದ್ಧಿಭ್ರಮಣೆಯ ಲೆಕ್ಕಕ್ಕೆ ಹಾಕುವುದು ಎಷ್ಟು ಸುಲಭ! ಸರ್ಕಾರ ನೇಮಿಸಿದ ವಿಚಾರಣೆಗಳು 1968ರಲ್ಲಿ ರಾಬ್ ಅವರ ಆರೋಪಗಳನ್ನು ಬಹುಪಾಲು ತಳ್ಳಿಹಾಕಿದವು. ಆದರೆ ಮರುವರ್ಷವೇ ಕಾರ್ಡಿಫ್‌ನ ಈಲೀ ಆಸ್ಪತ್ರೆಯ ಕುರಿತ ಅಧಿಕೃತ ವರದಿ ಅಲ್ಲಿನ ದೌರ್ಜನ್ಯವನ್ನು ಒಪ್ಪಿಕೊಂಡಿತು. ಆ ಬಳಿಕ ಮುಚ್ಚಿಡುವುದು ಕಷ್ಟವಾಯಿತು.

ತಪ್ಪು ಕಂಡಮೇಲೆ ತಿದ್ದುವ ಪ್ರಯತ್ನಗಳೂ ಬಂದವು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಜೇಮ್ಸ್ ಫಾಲ್ಸಮ್ ಬೆಳೆಸಿದ ‘ರಿಯಾಲಿಟಿ ಓರಿಯೆಂಟೇಶನ್’ ಪದ್ಧತಿಯಲ್ಲಿ ದಿನ, ವಾರ, ಊರು, ಮುಂದಿನ ಊಟ ಇವನ್ನೆಲ್ಲ ಬೋರ್ಡಿನ ಮೇಲೆ ಬರೆದು ಪದೇ ಪದೇ ನೆನಪಿಸುತ್ತಿದ್ದರು. ಮುದುಕರು ಏನನ್ನಾದರೂ ಕಲಿಯಬಲ್ಲರು ಎಂಬ ನಂಬಿಕೆಯೇ ಆ ಕಾಲಕ್ಕೆ ಹೊಸದು. ಆದರೆ ತೀರಿಹೋದ ತಾಯಿಯನ್ನು ಹುಡುಕುತ್ತಿದ್ದ ತೊಂಬತ್ತರ ಹೆಂಗಸಿಗೆ ನಿಮ್ಮ ತಾಯಿ ಸತ್ತು ನಲವತ್ತು ವರ್ಷವಾಯಿತೆಂದು ದಿನವೂ ತಿದ್ದಿ ಹೇಳುವಂಥ ಕ್ರೌರ್ಯಕ್ಕೆ ಅದು ಇಳಿಯಬಹುದಿತ್ತು. ಇದಕ್ಕೆ ಉತ್ತರವಾಗಿ ಕ್ಲೀವ್‌ಲ್ಯಾಂಡ್‌ನ ನಯೋಮಿ ಫೈಲ್, ವಾಸ್ತವ ಬಿಡಿ, ಆಕೆಯ ಮಾತಿನ ಹಿಂದಿನ ಭಾವ ಹಿಡಿಯಿರಿ ಎಂಬ ‘ವ್ಯಾಲಿಡೇಶನ್’ ಪದ್ಧತಿಯನ್ನು ರೂಪಿಸಿದರು. ಎರಡೂ ಮೆಚ್ಚತಕ್ಕವೇ. ಆದರೆ ಎರಡೂ ಹೆಚ್ಚಾಗಿ ನಡೆದದ್ದು ದಿನದ ಒಂದು ಪಾಲಿನಲ್ಲಿ, ಗುಂಪು ಕೂತಾಗ. ಗುಂಪು ಮುಗಿದ ಮೇಲೆ ಮಿಕ್ಕ ದಿನ ಹಳೆಯ ಕ್ರಮದಲ್ಲೇ ಸಾಗುತ್ತಿತ್ತು.

1980ರ ದಶಕದಲ್ಲಿ ಬ್ರಿಟನ್ನಿನ ಕೇರ್ ಹೋಮ್‌ಗಳ ಚಹರೆಯೇ ಬದಲಾಯಿತು, ಅದೂ ಯಾರೂ ಯೋಜಿಸದ ರೀತಿಯಲ್ಲಿ. 1980ರಲ್ಲಿ ಸಾಮಾಜಿಕ ಭದ್ರತೆಯ ನಿಯಮಗಳಲ್ಲಿ ಆದ ಬದಲಾವಣೆಯಿಂದ ಖಾಸಗಿ ವೃದ್ಧಾಲಯದ ಖರ್ಚನ್ನು ಸರ್ಕಾರವೇ ಭರಿಸತೊಡಗಿತು. ಮನೆಯಲ್ಲೇ ನೆರವು ಪಡೆಯುವವರಿಗೆ ಅಂಥ ಸೌಲಭ್ಯವಿರಲಿಲ್ಲ. 1979ರಲ್ಲಿ ಸುಮಾರು ಒಂದು ಕೋಟಿ ಪೌಂಡ್ ಇದ್ದ ಈ ಬಾಬತ್ತಿನ ವೆಚ್ಚ ದಶಕದ ಕೊನೆಗೆ ನೂರು ಕೋಟಿ ದಾಟಿತು. ದೊಡ್ಡ ಬಂಗಲೆಗಳು, ಸಮುದ್ರತೀರದ ಲಾಡ್ಜುಗಳು ರಾತ್ರೋರಾತ್ರಿ ಕೇರ್ ಹೋಮ್‌ಗಳಾದವು. ಕಟ್ಟಡ ಹೊಸದು, ಕರ್ಟನ್ ಚೆಂದ. ಒಳಗೆ ಕಡಿಮೆ ಸಂಬಳದ, ತರಬೇತಿಯಿಲ್ಲದ ಕೆಲಸದವರು ಬೆಳಗಿನ ಇಂತಿಷ್ಟು ಹೊತ್ತಿನೊಳಗೆ ಇಷ್ಟು ಜನರನ್ನು ಎಬ್ಬಿಸಿ, ತೊಳೆದು, ಬಟ್ಟೆ ತೊಡಿಸಿ ಹಾಲ್‌ಗೆ ತಂದು ಕೂರಿಸಬೇಕು. ವರ್ಕ್‌ಹೌಸ್ ಗೋಡೆ ಬಿದ್ದರೂ ಅದರ ವೇಳಾಪಟ್ಟಿ ಹೊಸ ವಿಳಾಸಕ್ಕೆ ತೆರಳಿತ್ತು. ಇಂಥ ಹೊತ್ತಿನಲ್ಲಿ ಬ್ರಾಡ್‌ಫರ್ಡ್ ಎಂಬ ಗಿರಣಿ ಊರಿನ ವಿಶ್ವವಿದ್ಯಾಲಯದಲ್ಲಿ ಟಾಮ್ ಕಿಟ್‌ವುಡ್ ಎಂಬ ಅಧ್ಯಾಪಕರು ಡಿಮೆನ್ಶಿಯಾ ಕುರಿತು ಕೆಲಸ ಶುರುಮಾಡಿದರು.

ಕಿಟ್‌ವುಡ್ ವೈದ್ಯರಲ್ಲ. 1937ರಲ್ಲಿ ಹುಟ್ಟಿ, ಕೇಂಬ್ರಿಜ್‌ನಲ್ಲಿ ವಿಜ್ಞಾನ ಓದಿ, ಪಾದ್ರಿಯಾಗಿ ದೀಕ್ಷೆ ಪಡೆದು, ಉಗಾಂಡದ ಶಾಲೆಯೊಂದರಲ್ಲಿ ರಸಾಯನಶಾಸ್ತ್ರ ಕಲಿಸಿ, ಆಮೇಲೆ ಮನೋವಿಜ್ಞಾನದ ಕಡೆ ಹೊರಳಿದವರು. ಕಾರ್ಲ್ ರೋಜರ್ಸ್‌ರ ಆಪ್ತಸಮಾಲೋಚನೆಯ ವಿಚಾರಗಳನ್ನು ಡಿಮೆನ್ಶಿಯಾದತ್ತ ತಂದರು. ಅವರ ಸೂತ್ರ ಸರಳ: ಡಿಮೆನ್ಶಿಯಾ ಇರುವ ಒಬ್ಬರಲ್ಲಿ ನಾವು ಕಾಣುವುದು ಸ್ವಭಾವ, ಬದುಕಿನ ಹಿನ್ನೆಲೆ, ದೇಹದ ಆರೋಗ್ಯ, ಮಿದುಳಿನ ಹಾನಿ ಮತ್ತು ಸುತ್ತಲಿನವರ ವರ್ತನೆ ಈ ಐದೂ ಸೇರಿದ ಫಲ. ಕೊನೆಯದಕ್ಕೆ ಅವರು ಕೊಟ್ಟ ಒತ್ತು ದೊಡ್ಡದು. ವ್ಯಕ್ತಿಯನ್ನು ಕುಗ್ಗಿಸುವ 17 ಬಗೆಯ ವರ್ತನೆಗಳನ್ನು ಪಟ್ಟಿಮಾಡಿದರು: ಮೋಸ ಮಾಡಿ ಕೆಲಸ ಮಾಡಿಸುವುದು, ಮಗುವಿನಂತೆ ನಡೆಸಿಕೊಳ್ಳುವುದು, ಅವರ ಹಿಡಿತಕ್ಕೆ ಸಿಗದ ವೇಗದಲ್ಲಿ ಮಾತಾಡುವುದು, ಎದುರಿಗಿದ್ದರೂ ಇಲ್ಲದವರಂತೆ ತಮ್ಮತಮ್ಮಲ್ಲೇ ಹರಟುವುದು, ಕೇಳಿದ್ದನ್ನು ಕೊಡದಿರುವುದು, ಗೇಲಿ ಮಾಡುವುದು. ಇವು ದ್ವೇಷದಿಂದ ಬಂದವಲ್ಲ, ಒಳ್ಳೆಯವರೂ ಕೆಲಸದ ಭರದಲ್ಲಿ ಇವನ್ನು ಮಾಡುತ್ತಾರೆ ಎಂದು ಅವರು ಒತ್ತಿ ಹೇಳಿದರು. ನೆಮ್ಮದಿ, ನಂಟು, ಸೇರ್ಪಡೆ, ಕೈಗೊಂದು ಕೆಲಸ, ತನ್ನತನ ಇವು ಆ ಜೀವಗಳ ಅಗತ್ಯಗಳು, ಇವೆಲ್ಲದರ ನಡುವೆ ಪ್ರೀತಿ ಎಂದು 1997ರ ‘ಡಿಮೆನ್ಶಿಯಾ ರೀಕನ್ಸಿಡರ್ಡ್’ ಪುಸ್ತಕದಲ್ಲಿ ಬರೆದರು. ಮರುವರ್ಷವೇ, 61ರ ವಯಸ್ಸಿನಲ್ಲಿ ತೀರಿಕೊಂಡರು.

ಕಿಟ್‌ವುಡ್‌ರ ಪುಸ್ತಕಕ್ಕಿಂತ ಅವರು ಕ್ಯಾಥ್ಲೀನ್ ಬ್ರೆಡಿನ್ ಜತೆ ರೂಪಿಸಿದ ವೀಕ್ಷಣಾ ವಿಧಾನ ನನಗೆ ಮುಖ್ಯವಾಗಿ ತೋರುತ್ತದೆ. ಅದರ ಹೆಸರು ‘ಡಿಮೆನ್ಶಿಯಾ ಕೇರ್ ಮ್ಯಾಪಿಂಗ್’. ತರಬೇತಿ ಪಡೆದ ಒಬ್ಬರು ಕೇರ್ ಹೋಮ್‌ನ ಹಾಲ್‌ನಲ್ಲಿ ಒಂದು ಮೂಲೆ ಹಿಡಿದು ಕೂರುತ್ತಾರೆ. ಐದಾರು ಮಂದಿಯ ಮೇಲೆ ಕಣ್ಣಿಟ್ಟು, ಸುಮಾರು ಆರು ಗಂಟೆ ಹೊತ್ತು, ಐದೈದು ನಿಮಿಷಕ್ಕೊಮ್ಮೆ ಅವರೇನು ಮಾಡುತ್ತಿದ್ದಾರೆಂದು ಒಂದೊಂದು ಅಕ್ಷರದಲ್ಲಿ ಗುರುತಿಸುತ್ತಾರೆ. ಉಣ್ಣುತ್ತಿದ್ದರೆ ‘ಎಫ್’, ನಿದ್ದೆ ಹೋಗಿದ್ದರೆ ‘ಎನ್’, ಯಾರೊಡನೆಯೂ ಬೆರೆಯದೆ ಮಂಕಾಗಿ ಕುಳಿತಿದ್ದರೆ ‘ಸಿ’, ಏನೋ ಕೇಳುತ್ತಿದ್ದರೂ ಯಾರೂ ಓಗೊಡದಿದ್ದರೆ ‘ಯು’. ಪಕ್ಕದಲ್ಲೇ ಅವರ ನೆಮ್ಮದಿಯ ಮಟ್ಟಕ್ಕೊಂದು ಅಂಕ, ಹಿಗ್ಗಿಗೆ ಕೂಡು ಐದರಿಂದ ಸಂಕಟಕ್ಕೆ ಕಳೆ ಐದರವರೆಗೆ. ಸಿಬ್ಬಂದಿಯ ಕುಗ್ಗಿಸುವ ವರ್ತನೆ ಕಂಡರೆ ಅದನ್ನೂ ಬರೆದಿಡುತ್ತಾರೆ. ದಿನದ ಕೊನೆಗೆ ಹಾಳೆಯ ತುಂಬ ‘ಸಿ’ಯ ಸಾಲು ಬಿದ್ದಾಗ, ಬೆಳಗ್ಗೆ ಹತ್ತಕ್ಕೆ ಕೂರಿಸಿದ ಅಜ್ಜನನ್ನು ಊಟದ ಹೊತ್ತಿನವರೆಗೆ ಯಾರೂ ಮಾತನಾಡಿಸಿಲ್ಲ ಎಂಬುದು ದೂರಾಗಿ ಉಳಿಯದೆ ಲೆಕ್ಕವಾಗುತ್ತದೆ. ಅದನ್ನು ಸಿಬ್ಬಂದಿಯ ಮುಂದಿಟ್ಟು ಏನು ಬದಲಿಸಬಹುದೆಂದು ಕೇಳುತ್ತಾರೆ. ಟೌನ್ಸೆಂಡ್, ರಾಬ್ ಹೊರಗಿನಿಂದ ಬಂದು ನೋಡಿ ಹೋಗಿದ್ದರು. ಕಿಟ್‌ವುಡ್ ಆ ನೋಟವನ್ನೇ ಮನೆಯೊಳಗಿನ ದಿನಚರಿಯ ಭಾಗವಾಗಿಸಲು ನೋಡಿದರು. ವೇಳಾಪಟ್ಟಿಯನ್ನು ವೇಳಾಪಟ್ಟಿಯಿಂದಲೇ ಎದುರಿಸುವ ಉಪಾಯ ಇದು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಆಲ್ಜೈಮರ್ ಮಿದುಳನ್ನು ತಿನ್ನುವ ರೋಗ. ಎಷ್ಟು ಮೃದುವಾಗಿ ಮಾತಾಡಿದರೂ ಸತ್ತ ನರಕೋಶ ಹುಟ್ಟಿಬರುವುದಿಲ್ಲ. ಕಿಟ್‌ವುಡ್ ರೋಗದ ಹೊಣೆಯನ್ನು ಈಗಾಗಲೇ ಬಳಲಿದ ಆರೈಕೆದಾರರ ಹೆಗಲಿಗೆ ಹಾಕಿದರು ಎಂಬುದು. ಇದರಲ್ಲಿ ಸತ್ಯಾಂಶವಿದೆ. ಒಳ್ಳೆಯ ಆರೈಕೆಯಿಂದ ಕೆಲವರು ಕಳೆದುಕೊಂಡ ಶಕ್ತಿಗಳನ್ನು ಮರಳಿ ಪಡೆಯುತ್ತಾರೆ ಎಂದು ಅವರು ಹೇಳಿದ್ದಕ್ಕೆ ಆಧಾರ ತೆಳುವಾಗಿತ್ತು; ಅವರನ್ನು ಮೆಚ್ಚಿದ ವಿಮರ್ಶಕರೂ ಇದನ್ನು ಎತ್ತಿ ತೋರಿಸಿದ್ದಾರೆ. ಆದರೆ ಅವರ ಮುಖ್ಯ ವಾದ ನಿಲ್ಲಲು ಆ ಮಾತು ಬೇಕಿಲ್ಲ. ಮಿದುಳಿನ ಹಾನಿಗೂ ಕಾಣುವ ಸ್ಥಿತಿಗೂ ನಡುವೆ ಒಂದು ಅಂತರವಿದೆ ಎಂದರೆ ಸಾಕು. ಆ ಅಂತರವನ್ನು ನರವಿಜ್ಞಾನವೇ ತೋರಿಸಿಕೊಟ್ಟಿದೆ: ಅಮೆರಿಕದ 678 ಕ್ರೈಸ್ತ ಸನ್ಯಾಸಿನಿಯರ ಮೇಲೆ ಡೇವಿಡ್ ಸ್ನೋಡನ್ ನಡೆಸಿದ ದೀರ್ಘ ಅಧ್ಯಯನದಲ್ಲಿ, ಮಿದುಳಿನಲ್ಲಿ ಆಲ್ಜೈಮರ್ ಚಿಹ್ನೆಗಳಿದ್ದೂ ಬದುಕಿರುವಾಗ ಚುರುಕಾಗಿದ್ದವರು ಸಿಕ್ಕರು. ರೋಗ ಎಷ್ಟು, ಸುತ್ತಲಿನ ಸ್ಥಿತಿ ಎಷ್ಟು ಎಂಬುದನ್ನು ತಕ್ಕಡಿಯಲ್ಲಿಟ್ಟು ತೂಗಲಾಗದಿರಬಹುದು; ಕನ್ನಡಕ ಕಸಿದುಕೊಂಡ ಮೇಲೆ ಕಾಣುವ ಕುರುಡುತನವನ್ನು ಮಿದುಳಿನ ಲೆಕ್ಕಕ್ಕೆ ಬರೆಯಬಾರದೆಂದು ಹೇಳಲು ತಕ್ಕಡಿ ಬೇಡ. ಹೊಣೆ ಹೊರಿಸುವ ಮಾತಂತೂ ಒಬ್ಬೊಬ್ಬ ನೌಕರಳಿಗೆ ಸಲ್ಲುವುದಿಲ್ಲ, ಅವಳಿಗೆ ಒಂದು ಬೆಳಗಿಗೆ ಇಷ್ಟು ಜನ ಎಂದು ಗೊತ್ತುಮಾಡಿದವರಿಗೆ ಸಲ್ಲುತ್ತದೆ.

ಕಿಟ್‌ವುಡ್ ಸತ್ತ ಮೇಲೆ ಅವರ ಮಾತು ಗೆದ್ದಿತು, ಬಹುಶಃ ಅತಿಯಾಗಿಯೇ. 2001ರಲ್ಲಿ ಬ್ರಿಟಿಷ್ ಸರ್ಕಾರ ವೃದ್ಧರ ಸೇವೆಗೆ ಹೊರಡಿಸಿದ ಚೌಕಟ್ಟಿನ ಎಂಟು ಮಾನದಂಡಗಳಲ್ಲಿ ಎರಡನೆಯದೇ ವ್ಯಕ್ತಿಕೇಂದ್ರಿತ ಆರೈಕೆ. 2006ರ ರಾಷ್ಟ್ರೀಯ ಮಾರ್ಗಸೂಚಿಯಲ್ಲೂ ಅದೇ ತಳಹದಿ. ಪ್ರತಿ ಕೇರ್ ಹೋಮ್‌ನ ಜಾಹೀರಾತಿನಲ್ಲೂ ಆ ಪದ. ಆದರೆ 2009ರಲ್ಲಿ ಮನೋವೈದ್ಯ ಸುಬೆ ಬ್ಯಾನರ್ಜಿ ಸರ್ಕಾರಕ್ಕೆ ಒಪ್ಪಿಸಿದ ವರದಿ ಬೇರೊಂದು ಚಿತ್ರ ಕೊಟ್ಟಿತು: ಡಿಮೆನ್ಶಿಯಾ ಇರುವ ಸುಮಾರು 1,80,000 ಮಂದಿಗೆ ವರ್ಷದಲ್ಲಿ ಮನೋವಿಕಾರದ ಮದ್ದು ಕೊಡಲಾಗುತ್ತಿದೆ, ಅವರಲ್ಲಿ ಅದರಿಂದ ಉಪಯೋಗವಾಗುವುದು ಹೆಚ್ಚೆಂದರೆ 36,000 ಮಂದಿಗೆ, ಅದರಿಂದಾಗಿ ವರ್ಷಕ್ಕೆ ಸುಮಾರು 1,800 ಹೆಚ್ಚುವರಿ ಸಾವು. ನೀತಿಪತ್ರದಲ್ಲಿ ವ್ಯಕ್ತಿ ಕೇಂದ್ರದಲ್ಲಿದ್ದ ಅದೇ ವರ್ಷಗಳಲ್ಲಿ ಅವನನ್ನು ಮಾತ್ರೆಯಿಂದ ಸುಮ್ಮನಿರಿಸಲಾಗುತ್ತಿತ್ತು. ವೈದ್ಯರು ದುಷ್ಟರೆಂದು ಇದಕ್ಕೆ ಕಾರಣ ಹೇಳಿದರೆ ಮತ್ತೆ ಹೃದಯದ ಕಥೆಗೇ ಮರಳಿದಂತೆ. ರಾತ್ರಿ ಪಾಳಿಯಲ್ಲಿ ಇಬ್ಬರೇ ಇರುವ ಮನೆಯಲ್ಲಿ ನಾಲ್ವರು ಎದ್ದು ಓಡಾಡತೊಡಗಿದರೆ, ಮಾತ್ರೆ ಮೂರನೆಯ ನೌಕರಳ ಕೆಲಸ ಮಾಡುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಪ್ರಯೋಗಗಳ ಫಲ ಒಂದೇ ತೆರನಾಗಿಲ್ಲ. 2006ರಲ್ಲಿ ಇಂಗ್ಲೆಂಡಿನ 12 ಮನೆಗಳಲ್ಲಿ ಸಿಬ್ಬಂದಿಗೆ ತಿಂಗಳುಗಟ್ಟಲೆ ಜತೆಗಿದ್ದು ತರಬೇತಿ ಕೊಟ್ಟಾಗ, ಅಂಥ ಮದ್ದು ತೆಗೆದುಕೊಳ್ಳುವವರ ಪ್ರಮಾಣ ವರ್ಷದ ಕೊನೆಗೆ 23 ಶೇಕಡ ಇತ್ತು. ತರಬೇತಿಯಿಲ್ಲದ ಮನೆಗಳಲ್ಲಿ 42. ಮದ್ದು ಕಡಿಮೆಯಾದ ಮನೆಗಳಲ್ಲಿ ಗಲಾಟೆ ಹೆಚ್ಚಲಿಲ್ಲ. 2009ರಲ್ಲಿ ಸಿಡ್ನಿಯ 15 ಮನೆಗಳ ಅಧ್ಯಯನದಲ್ಲಿ ಮ್ಯಾಪಿಂಗ್‌ನಿಂದಲೂ ವ್ಯಕ್ತಿಕೇಂದ್ರಿತ ತರಬೇತಿಯಿಂದಲೂ ಚಡಪಡಿಕೆ ಇಳಿಯಿತು. ಆದರೆ 2020ರಲ್ಲಿ ಪ್ರಕಟವಾದ, ಇಂಗ್ಲೆಂಡಿನ 50 ಮನೆಗಳಲ್ಲಿ ನಡೆದ ದೊಡ್ಡ ಪ್ರಯೋಗದಲ್ಲಿ ಮ್ಯಾಪಿಂಗ್‌ನಿಂದ ಯಾವ ಲಾಭವೂ ಕಾಣಲಿಲ್ಲ. ವಿಚಾರವೇ ಸೋತಿತೆಂದು ಹೇಳುವ ಮೊದಲು ಅದೇ ವರದಿಯ ಇನ್ನೊಂದು ಅಂಶ ನೋಡಬೇಕು. ಮನೆಯ ಸಿಬ್ಬಂದಿಯೇ ಮ್ಯಾಪಿಂಗ್ ನಡೆಸಬೇಕೆಂಬುದು ಅಲ್ಲಿನ ಏರ್ಪಾಡು. ಬಹುತೇಕ ಮನೆಗಳು ಮೊದಲ ಸುತ್ತನ್ನು ದಾಟಲೇ ಇಲ್ಲ. ಒಬ್ಬ ನೌಕರಳನ್ನು ಆರು ಗಂಟೆ ಮೂಲೆಯಲ್ಲಿ ಸುಮ್ಮನೆ ಕೂರಿಸುವಷ್ಟು ಕೈಗಳು ಇಲ್ಲದ ಮನೆಗೆ ಆ ವಿಧಾನ ಕೊಟ್ಟರೆ ಅದು ಕಡತದಲ್ಲಿ ಉಳಿಯುತ್ತದೆ. ಹೊರಗಿನವರು ಬಂದು ಸಮಯ ಕೊಟ್ಟ ಕಡೆ ಫಲ, ಇದ್ದ ಸಮಯದಲ್ಲೇ ಹೊಂದಿಸಿಕೊಳ್ಳಿ ಎಂದ ಕಡೆ ವೈಫಲ್ಯ. ಚರಿತ್ರೆ ಹೇಳುತ್ತಿದ್ದದ್ದನ್ನೇ ಅಂಕಿಗಳೂ ಹೇಳುತ್ತಿವೆ ಎಂದು ನಾನು ಓದುತ್ತೇನೆ.

ಹಾಗಾದರೆ ಇದು ಸಿರಿವಂತರ ಶೋಕಿಯೇ? ಮೂರನೆಯ ಆಕ್ಷೇಪ ಇದು. ನೆದರ್‌ಲ್ಯಾಂಡ್ಸ್‌ನ ವೇಸ್ಪ್ ಊರಿನಲ್ಲಿ 2009ರಲ್ಲಿ ತೆರೆದ ಹೋಗೆವೇಕ್ ಎಂಬ ಡಿಮೆನ್ಶಿಯಾ ಗ್ರಾಮವನ್ನು ಇದಕ್ಕೆ ಸಾಕ್ಷಿಯಾಗಿ ಕರೆಯುತ್ತಾರೆ: ಮೊದಲಿಗೆ 23 ಮನೆಗಳು, ಸುಮಾರು 150 ಮಂದಿ, ನಡುವೆ ಅಂಗಡಿ, ಕೆಫೆ, ರಂಗಮಂದಿರ. ಇಡೀ ಊರೇ ನಾಟಕದ ಸೆಟ್ ಎಂದು ಟೀಕಿಸಿದವರೂ ಇದ್ದಾರೆ. ಆದರೆ ಅಲ್ಲಿ ಕಲಿಯತಕ್ಕದ್ದು ಅಂಗಡಿ ಬೀದಿಯಲ್ಲ, ಆರೇಳು ಜನಕ್ಕೊಂದು ಮನೆ, ಆ ಮನೆಯಲ್ಲೇ ಅಡುಗೆ ಎಂಬ ಏರ್ಪಾಡು. ಅಡುಗೆಮನೆ ಹತ್ತಿರವಿದ್ದರೆ ಒಬ್ಬರು ಎಂಟಕ್ಕೆ, ಇನ್ನೊಬ್ಬರು ಹತ್ತಕ್ಕೆ ತಿಂಡಿ ತಿನ್ನಬಹುದು. ನೂರು ಜನಕ್ಕೆ ಒಂದೇ ಅಡುಗೆಮನೆಯಾದರೆ ಗಂಟೆ ಬಾರಿಸಲೇಬೇಕು. ಸ್ವೀಡನ್ನಿನ ಮೋಟಾಲಾದಲ್ಲಿ 1980ರ ದಶಕದಲ್ಲೇ ವೈದ್ಯೆ ಬಾರ್ಬ್ರೋ ಬೆಕ್-ಫ್ರೀಸ್ ಸಾಧಾರಣ ಗುಂಪುಮನೆಯಲ್ಲಿ ಇದನ್ನೇ ಮಾಡಿ ತೋರಿಸಿದ್ದರು. ಇನ್ನೊಂದು ಕಡೆ, ವೇಳಾಪಟ್ಟಿಯಿಂದ ಉಳಿತಾಯವಾಗುತ್ತದೆ ಎಂಬುದೂ ಅರೆಸತ್ಯ. ಬಿದ್ದು ಮುರಿದ ಸೊಂಟ, ಮಲಗಿದ ಹುಣ್ಣು, ಆಸ್ಪತ್ರೆ ಸೇರುವಿಕೆ, ಬೇಸತ್ತು ಕೆಲಸ ಬಿಡುವ ನೌಕರರು, ಇವು ಯಾವುದೋ ಬೇರೆಯವರ ಲೆಕ್ಕದಲ್ಲಿ ಬರುತ್ತವೆ, ಅಷ್ಟೇ. 1874ರ ನಾಲ್ಕು ಶಿಲಿಂಗಿನ ಗಣಿತ ಇಂದಿಗೂ ಸತ್ತಿಲ್ಲ.

ಕೊನೆಯ ಆಕ್ಷೇಪ ನಮ್ಮ ಕಡೆಯಿಂದ ಬರುವಂಥದ್ದು. ಇದೆಲ್ಲ ಹಿರಿಯರನ್ನು ಹೊರಹಾಕುವ ದೇಶಗಳ ತಲೆನೋವು, ನಮ್ಮಲ್ಲಿ ಮನೆಯವರೇ ನೋಡಿಕೊಳ್ಳುತ್ತಾರೆ ಎಂಬುದು. ನೋಡಿಕೊಳ್ಳುತ್ತಾರೆ, ನಿಜ, ಬಹುಪಾಲು ಹೆಂಡತಿ, ಮಗಳು, ಸೊಸೆ. ಆದರೆ 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯೊಂದರ ಅಂದಾಜಿನಂತೆ ಭಾರತದಲ್ಲಿ ಅರವತ್ತು ದಾಟಿದವರಲ್ಲಿ 7.4 ಶೇಕಡ, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಶಿಯಾ ಇದೆ. ಮಕ್ಕಳು ಬೇರೆ ಊರಿನಲ್ಲೋ ದೇಶದಲ್ಲೋ ಇರುವ ಮನೆಗಳಲ್ಲಿ ಸೊಸೆಯ ಜಾಗಕ್ಕೆ ಪಾಳಿಯ ಅಟೆಂಡರ್ ಬಂದಾಗಿದೆ. 2010ರಲ್ಲಿ ಬೆಂಗಳೂರಿನ ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಈ ಕಾಯಿಲೆಗೆಂದೇ ವಸತಿ ಕೇಂದ್ರ ತೆರೆಯಿತು. 2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದಲ್ಲಿ ಅನಂತ್ ನಾಗ್ ಅಭಿನಯಿಸಿದ ಪಾತ್ರ ಆರೈಕೆ ಕೇಂದ್ರದಲ್ಲಿರುವ ತಂದೆಯದು. ಅದು ಪರದೇಶದ ಕಥೆಯೆಂದು ಯಾವ ಕನ್ನಡ ಪ್ರೇಕ್ಷಕರಿಗೂ ಅನ್ನಿಸಲಿಲ್ಲ. ಪ್ರಶ್ನೆ ಕೇಂದ್ರಗಳು ಬೇಕೇ ಬೇಡವೇ ಎಂಬಲ್ಲಿಂದ ಎಂಥವು ಬೇಕು ಎಂಬಲ್ಲಿಗೆ ಬಂದು ನಿಂತಿದೆ. ನಮ್ಮ 2007ರ ಹಿರಿಯ ನಾಗರಿಕರ ಕಾಯಿದೆ ಪ್ರತಿ ಜಿಲ್ಲೆಗೆ ಕನಿಷ್ಠ ಒಂದರಂತೆ, ಕಡುಬಡವರಾದ ಹಿರಿಯರಲ್ಲಿ ಕನಿಷ್ಠ 150 ಮಂದಿಗೆ ಸ್ಥಳವಿರುವ ವೃದ್ಧಾಶ್ರಮಗಳನ್ನು ಕಲ್ಪಿಸಿಕೊಂಡಿದೆ. ಬೆವನ್ 1948ರಲ್ಲಿ ಹೇಳಿದ್ದು 25–30.

ಕಿಟ್‌ವುಡ್‌ರ ವಿಚಾರದಲ್ಲಿ ಒಂದು ದೌರ್ಬಲ್ಯವಿತ್ತು. ವ್ಯಕ್ತಿತ್ವವೆಂಬುದು ಇತರರು ಸಂಬಂಧದೊಳಗೆ ಕೊಡುವ ಸ್ಥಾನ ಎಂದು ಅವರು ಹೇಳಿದ್ದರು. ಕೊಟ್ಟದ್ದನ್ನು ಕೈ ಬಿಡುವಿಲ್ಲದ ದಿನ ಹಿಂತೆಗೆದುಕೊಳ್ಳಬಹುದು. ಆಸ್ಟ್ರೇಲಿಯಾದ ಕ್ರಿಸ್ಟೀನ್ ಬ್ರೈಡನ್ ಅವರಂತೆ ತಮಗೇ ಡಿಮೆನ್ಶಿಯಾ ಇದ್ದು ಬರೆದವರು, ರೂತ್ ಬಾರ್ಟ್‌ಲೆಟ್, ಡೆಬೊರಾ ಓ’ಕಾನರ್‌ರಂಥ ವಿದ್ವಾಂಸರು ಅದನ್ನು ದಯೆಯಿಂದ ಹಕ್ಕಿನ ಕಡೆಗೆ, ಪೌರತ್ವದ ಕಡೆಗೆ ಸರಿಸಿದ್ದು ಈ ಕಾರಣಕ್ಕೆ. ಹಕ್ಕನ್ನು ಅಳೆಯಬಹುದು, ಪರಿಶೀಲಿಸಬಹುದು. ಕೇಂದ್ರವೊಂದನ್ನು ತಪಾಸಣೆ ಮಾಡಲು ಹೋದವರು ಸಿಬ್ಬಂದಿ ಎಷ್ಟು ಪ್ರೀತಿಯವರು ಎಂದು ಕೇಳಬೇಕಾಗಿಲ್ಲ. ಒಂದು ಅಡುಗೆಮನೆಗೆ ಎಷ್ಟು ಜನ, ರಾತ್ರಿ ಪಾಳಿಯಲ್ಲಿ ಎಷ್ಟು ಕೈಗಳು, ಕನ್ನಡಕ ಯಾರ ಬಳಿ, ಮನೋವಿಕಾರದ ಮದ್ದು ಎಷ್ಟು ಮಂದಿಗೆ, ಏಳುವ ಹೊತ್ತು ಯಾರು ಗೊತ್ತುಮಾಡುತ್ತಾರೆ ಎಂದು ಕೇಳಿದರೆ ಸಾಕು. ಇಂಗ್ಲೆಂಡ್ ಮೊದಲು ಕಟ್ಟಡ ಕಟ್ಟಿ, ಆಮೇಲೆ ಒಂದೂವರೆ ಶತಮಾನ ಅದರೊಳಗಿಂದ ವರ್ಕ್‌ಹೌಸನ್ನು ಹೊರಗೆ ಹಾಕಲು ಹೆಣಗಿತು, ಇನ್ನೂ ಹೆಣಗುತ್ತಿದೆ. ನಮ್ಮ ಜಿಲ್ಲಾ ವೃದ್ಧಾಶ್ರಮಗಳಲ್ಲಿ ಬಹಳಷ್ಟು ಇನ್ನು ಮುಂದೆ ಕಟ್ಟಬೇಕಾದವು. 150 ಎಂಬ ಸಂಖ್ಯೆ ಒಂದೇ ಆವರಣದಲ್ಲಿ 15 ಮಂದಿಯ ಹತ್ತು ಮನೆ, ಹತ್ತು ಅಡುಗೆಮನೆ ಕಟ್ಟುವುದನ್ನು ತಡೆಯುವುದಿಲ್ಲ. ನಕ್ಷೆ ಬರೆಯುವ ಇಂಜಿನಿಯರ್‌ಗೂ ಟೆಂಡರ್ ಕರೆಯುವ ಇಲಾಖೆಗೂ ಅದನ್ನು ಈಗಲೇ ಹೇಳಬೇಕು.